ಹಡಗುಕಟ್ಟೆಯಲ್ಲಿ ಎಣಿಸುತ್ತಾ ಹೋದ ಮೇಷ್ಟ್ರು

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ 'ಅಮಿಸ್ಟಾಡ್' ಸಿನಿಮಾ ನೋಡಿ ಅಂತ ಎರಡೇ ಎರಡು ಸಾಲು ಬರೆದಿದ್ದೆ. ಸ್ಟೀವನ್ ಸ್ಪೀಲ್‌ಬರ್ಗ್ 1997ರಲ್ಲಿ ಮಾಡಿದ ಸಿನಿಮಾ ಅದು. ಕ್ಯೂಬಾದಲ್ಲಿ ಮಾರಾಟವಾದ 53 ಮಂದಿ ಆಫ್ರಿಕನ್ನರು 1839ರಲ್ಲಿ ತಮ್ಮನ್ನು ಸಾಗಿಸುತ್ತಿದ್ದ ಅಮಿಸ್ಟಾಡ್ ಅನ್ನುವ ಹಡಗನ್ನೇ ವಶ ಮಾಡಿಕೊಂಡು, ಕೊನೆಗೆ ಅಮೆರಿಕದ ಜೈಲು ಸೇರಿ, ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಕಥೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನೀವು ಬರೆದಿದ್ದು ನೋಡಿ ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಕೂತು ಸಿನಿಮಾ ಹಾಕಿಕೊಂಡೆವು. ಏಳನೇ ಕ್ಲಾಸಿನ ಮಗಳೂ ಇದ್ದಳು. ಶುರುವಿಗೇ 'ಮಮ್ಮಿ, ಗುಲಾಮ ಅಂದ್ರ ಇಸ್ಪೀಟಿನ ಗುಲಾಮ ಏನು?' ಅಂತ ಕೇಳಿದಳು. ನಡುವೆ ಜನರನ್ನು ಸರಪಳಿ ಸಮೇತ ಸಮುದ್ರಕ್ಕೆ ತಳ್ಳೋದು ಬರ್ತದಲ್ಲ, ಆಗ ಎದ್ದು ರೂಮಿಗೆ ಹೋಗಿಬಿಟ್ಟಳು. ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ತೋರಿಸಿದ್ದು ತಪ್ಪಾಯಿತಾ? — ಧಾರವಾಡದಿಂದ ಒಬ್ಬ ತಾಯಿ

ತಪ್ಪು ನಿಮ್ಮದಲ್ಲ. ನಾನೇ ಮೊದಲು ಎಚ್ಚರಿಸಬೇಕಿತ್ತು, ಕ್ಷಮಿಸಿ. ಅಮೆರಿಕದಲ್ಲಿ ಈ ಸಿನಿಮಾವನ್ನು 17 ವರ್ಷದೊಳಗಿನವರು ದೊಡ್ಡವರ ಜೊತೆಯಲ್ಲೇ ನೋಡಬೇಕು. ಶುರುವಿನ ದೃಶ್ಯವೇ ಸುಲಭದ್ದಲ್ಲ. ಕತ್ತಲು, ಮಳೆ, ಮಿಂಚು. ಹಲಗೆಯೊಳಗೆ ಹೂತ ಒಂದು ಮೊಳೆಯನ್ನು ರಕ್ತ ಸುರಿಯುವ ಬೆರಳುಗಳು ಕಿತ್ತು ತೆಗೆಯುತ್ತಿರುತ್ತವೆ. ಆಮೇಲೆ ಬೀಗ, ಕಬ್ಬು ಕಡಿಯುವ ಕತ್ತಿ, ಕೊಲೆ. ಬೀಗ ತೆಗೆಯಲು ಮೊಳೆ ಸಿಕ್ಕಿದ್ದು, ಹಡಗಿನಲ್ಲಿ ಕಬ್ಬಿನ ಕತ್ತಿಗಳಿದ್ದದ್ದು ಎರಡೂ ನಿಜ. ನಾನು ಮೊದಲ ಸಲ ನೋಡಿದ್ದು ಬಾಡಿಗೆಗೆ ತಂದ ಸೀಡಿಯಲ್ಲಿ. ನೀವು ಹೇಳಿದ ಜಾಗಕ್ಕೆ ಬಂದಾಗ ನಿಲ್ಲಿಸಿ, ಅಡುಗೆಮನೆಗೆ ಹೋಗಿ ಸುಮ್ನೆ ನಿಂತಿದ್ದೆ. ನಿಮ್ಮ ಮಗಳು ಎದ್ದು ಹೋದದ್ದು ಸರಿಯಾಗಿಯೇ ಇದೆ. ಆ ದೃಶ್ಯ ನೋಡಿ ಊಟ ಸೇರದೇ ಹೋದರೆ ಅವಳ ಮನಸ್ಸು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

ಆದರೆ ಅರ್ಧಕ್ಕೇ ಬಿಡಬೇಡಿ. ಅರ್ಧ ನೋಡಿದ ಮಗುವಿನ ತಲೆಯಲ್ಲಿ ಆ ಸಮುದ್ರ ಮಾತ್ರ ಉಳಿದುಬಿಡುತ್ತದೆ. ಹಡಗಿನ ಭಾಗವನ್ನು ಮುಂದಕ್ಕೆ ಓಡಿಸಿ, ಉಳಿದದ್ದನ್ನು ಹಗಲಿನಲ್ಲಿ, ಪಕ್ಕದಲ್ಲಿ ಕೂತು ತೋರಿಸಿ. ಅದಕ್ಕೂ ಮೊದಲು ಆ ಹಡಗಿನಲ್ಲಿ ನಾಲ್ಕು ಮಕ್ಕಳಿದ್ದರು ಅಂತ ಹೇಳಿ. ಮೂವರು ಹುಡುಗಿಯರು: ಮಾರ್ಗ್ರು, ಟೆಮೆ, ಕಾಗ್ನೆ. ಒಬ್ಬ ಹುಡುಗ, ಹೆಸರು ಕಾಲೆ. ನಿಮ್ಮ ಮಗಳಿಗಿಂತ ಚಿಕ್ಕವರೇ. ಸಿನಿಮಾದಲ್ಲಿ ಅವರಿಗೆ ಜಾಸ್ತಿ ಜಾಗ ಸಿಕ್ಕಿಲ್ಲ. ನನಗೆ ಅದೊಂದು ದೊಡ್ಡ ಬೇಸರ.

ಕಾಲೆ ಜೈಲಿನಲ್ಲಿ ಇಂಗ್ಲಿಷ್ ಕಲಿತ. 1841ರ ಜನವರಿಯಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಅವರ ಪರ ವಾದ ಮಾಡಲಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಅವರಿಗೆ, ಅಂದರೆ ಒಂದು ಕಾಲಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದವರಿಗೆ, ತನ್ನ ಕೈಯಾರೆ ಪತ್ರ ಬರೆದ. ಅದರಲ್ಲಿ ಒಂದು ಮಾತು ಬರುತ್ತದೆ: ನಾವು ಅಮೆರಿಕನ್ನರ ಭಾಷೆ ಆಡುವುದಿಲ್ಲ ಅಂತ ಕೆಲವರು ನಮ್ಮ ಮೆಂಡೆ ಜನರನ್ನು ದಡ್ಡರು ಅನ್ನುತ್ತಾರೆ, ಅಮೆರಿಕನ್ನರಿಗೆ ನಮ್ಮ ಮೆಂಡೆ ಭಾಷೆ ಬರುವುದಿಲ್ಲ, ಹಾಗಾದರೆ ಅವರೂ ದಡ್ಡರಾ? ಇಂಗ್ಲಿಷ್ ಬಾರದ್ದಕ್ಕೆ ತರಗತಿಯಲ್ಲಿ ತಲೆ ತಗ್ಗಿಸಿ ಕೂತ ನಮ್ಮ ಎಷ್ಟು ಮಕ್ಕಳಿಗೆ ಈ ಪ್ರಶ್ನೆ ಸಿಕ್ಕಬೇಕಿತ್ತು, ಅಲ್ವಾ? ಇದನ್ನು ಮಗಳಿಗೆ ಓದಿ ಹೇಳಿ, ಆಮೇಲೆ ಸಿನಿಮಾ ಹಾಕಿ.

ಇನ್ನು ಇಸ್ಪೀಟಿನ ಮಾತು. ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಗುಲಾಮ ಅನ್ನುವುದು ಅರಬ್ಬಿಯಿಂದ ಬಂದ ಪದ, ಅಲ್ಲಿ ಅದಕ್ಕೆ ಮೊದಲು ಹುಡುಗ ಅಂತಲೇ ಅರ್ಥ. ರಾಜ, ರಾಣಿ, ಗುಲಾಮ ಅಂತ ಎಲೆ ಹಾಕುವಾಗ ನಾವ್ಯಾರೂ ಆ ಮೂರನೆಯವನು ಯಾರು ಅಂತ ಯೋಚಿಸಿರುವುದಿಲ್ಲ. ಅವಳು ಯೋಚಿಸಿದಳು.

ಪ್ರಶ್ನೆ: ಸಿನಿಮಾದಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು? ನಿವೃತ್ತ ಇತಿಹಾಸ ಮೇಷ್ಟ್ರು ನಾನು, ಅದು ಗೊತ್ತಾಗದೆ ಸಮಾಧಾನ ಇಲ್ಲ. — ಮೈಸೂರಿನ ಓದುಗರು

ಸರ್, ಕಥೆಯ ಬೆನ್ನೆಲುಬು ನಿಜ. 1817ರ ಒಪ್ಪಂದದಲ್ಲೇ ಸ್ಪೇನ್ ದೇಶ ಆಫ್ರಿಕಾದಿಂದ ಜನರನ್ನು ತರುವ ವ್ಯಾಪಾರ ನಿಲ್ಲಿಸುತ್ತೇವೆ ಅಂತ ಬ್ರಿಟನ್ನಿಗೆ ಮಾತು ಕೊಟ್ಟಿತ್ತು. 1820ರಿಂದ ಅದು ಕಾನೂನುಬಾಹಿರ. ಆದರೂ ಸ್ಪೇನ್ ಕೈಕೆಳಗಿದ್ದ ಕ್ಯೂಬಾದ ಕಬ್ಬಿನ ಗದ್ದೆಗಳಿಗೆ ಹಡಗುಗಟ್ಟಲೆ ಜನ ಬರುತ್ತಲೇ ಇದ್ದರು. ಹೊಸದಾಗಿ ಬಂದವರಿಗೆ ಸ್ಪ್ಯಾನಿಷ್ ಹೆಸರು ಬರೆದು, ಇವರು 1820ಕ್ಕಿಂತ ಮೊದಲಿಂದಲೂ ಕ್ಯೂಬಾದಲ್ಲೇ ಇದ್ದವರು ಅಂತ ಕಾಗದ ಮಾಡಿಸಿಕೊಂಡರೆ ಮುಗಿಯಿತು. ಈ 53 ಮಂದಿಯನ್ನು ಹವಾನಾದಲ್ಲಿ ಕೊಂಡ ರೂಯಿಸ್ ಮತ್ತು ಮೊಂಟೆಸ್ ಅನ್ನುವವರ ಹತ್ತಿರವೂ ಅಂಥದ್ದೇ ಕಾಗದ ಇತ್ತು. 1839ರ ಜುಲೈ ಶುರುವಿನಲ್ಲಿ ಹಡಗಿನಲ್ಲಿ ದಂಗೆ ಎದ್ದಿತು. ಆಮೇಲಿನದ್ದೂ ಸಿನಿಮಾದಲ್ಲಿ ಇದ್ದ ಹಾಗೇ ನಡೆದಿದೆ. ಹಗಲು ಸೂರ್ಯನನ್ನು ನೋಡಿಕೊಂಡು ಪೂರ್ವಕ್ಕೆ, ಆಫ್ರಿಕಾದ ಕಡೆಗೆ ಹೋಗು ಅಂತ ಮೊಂಟೆಸ್‌ಗೆ ಹೇಳುತ್ತಾರೆ, ರಾತ್ರಿಯಾದರೆ ಅವನು ಮೆಲ್ಲಗೆ ಉತ್ತರಕ್ಕೆ ತಿರುಗಿಸುತ್ತಾನೆ. ಸುಮಾರು ಎರಡು ತಿಂಗಳು ಹಾಗೇ ಅಲೆದು, ನೀರಿಲ್ಲದೆ ಸಾಯುತ್ತಾ, ಆಗಸ್ಟ್ ಕೊನೆಗೆ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡ್ ದಂಡೆಯಲ್ಲಿ ಅಮೆರಿಕದ ನೌಕಾಪಡೆಗೆ ಸಿಕ್ಕಿಬಿದ್ದರು.

ಕಟ್ಟಿದ್ದು ಯಾವುದು ಅಂದರೆ, ಮಾರ್ಗನ್ ಫ್ರೀಮನ್ ಮಾಡಿರುವ ಜೋಡ್ಸನ್ ಪಾತ್ರ. ಆ ಹೆಸರಿನವರು ಯಾರೂ ಇರಲಿಲ್ಲ. ಆಡಮ್ಸ್ ಅವರ ಕೊನೆಯ ಭಾಷಣ ಸಿನಿಮಾದಲ್ಲಿ ಹತ್ತು ನಿಮಿಷದ ಆಸುಪಾಸಿನದ್ದು. ನಿಜದಲ್ಲಿ 73ರ ಆ ಮುದುಕ ಎರಡು ದಿನ ಸೇರಿ ಎಂಟು ಗಂಟೆಗೂ ಜಾಸ್ತಿ ಮಾತಾಡಿದರು. ಮೊದಲ ದಿನದ ವಾದ ಮುಗಿದ ರಾತ್ರಿಯೇ ನ್ಯಾಯಮೂರ್ತಿಗಳಲ್ಲಿ ಒಬ್ಬರು, ಫಿಲಿಪ್ ಬಾರ್ಬರ್, ನಿದ್ದೆಯಲ್ಲೇ ತೀರಿಕೊಂಡರು. ಹಾಗಾಗಿ ಎರಡನೇ ಭಾಗ ಕೆಲವು ದಿನ ಮುಂದಕ್ಕೆ ಹೋಯಿತು. ಸೆರೆಯಾಳುಗಳ ನಾಯಕ ಸೆಂಗ್ಬೆ ಪಿಯೆ ಆಡಮ್ಸ್ ಮನೆಯಲ್ಲಿ ಕೂತು ಪೂರ್ವಜರ ಬಗ್ಗೆ ಮಾತಾಡುವುದು ಬಹಳ ಚಂದದ ದೃಶ್ಯ, ಆದರೆ ಹಾಗೆ ನಡೆದಿಲ್ಲ. ಆಡಮ್ಸ್ ತಾವೇ ಸೆರೆಯಾಳುಗಳನ್ನು ನೋಡಲು ಬಂದಿದ್ದರು, ಅಷ್ಟೇ.

ನನಗೆ ನಿಜವಾಗಿ ಸಿಟ್ಟು ತರಿಸುವ ಬದಲಾವಣೆ ಬೇರೆಯೇ ಇದೆ. ಅದು ಗಿಬ್ಸ್ ಮೇಷ್ಟ್ರದ್ದು. ಯೇಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜೋಸೈಯಾ ಗಿಬ್ಸ್. ಸಿನಿಮಾದಲ್ಲಿ ಅವರು ಏನೂ ಗೊತ್ತಿಲ್ಲದೆ ತಪ್ಪುತಪ್ಪಾಗಿ ಅನುವಾದ ಮಾಡುವ ಪೆದ್ದ. ಅವರ ಕೆಲಸವನ್ನು ವಕೀಲರ ಕೈಗೆ ಕೊಟ್ಟುಬಿಟ್ಟಿದ್ದಾರೆ. ನಡೆದದ್ದು ಹೀಗೆ. ಸೆರೆಯಾಳುಗಳನ್ನು ನ್ಯೂ ಹೇವನ್ ಊರಿನ ಜೈಲಿಗೆ ಹಾಕಿದ್ದರು. ಅವರನ್ನು ನೋಡಲು ಜನ ಮುಗಿಬಿದ್ದರು, ಜೈಲರ್ ತಲೆಗೆ ಹನ್ನೆರಡೂವರೆ ಸೆಂಟ್ ವಸೂಲಿ ಮಾಡಿ ಒಳಗೆ ಬಿಡುತ್ತಿದ್ದ. ಸಾವಿರಾರು ಜನ ನೋಡಿಕೊಂಡು ಹೋದರು. ಅವರ ಮಾತು ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ರೂಯಿಸ್ ಮತ್ತು ಮೊಂಟೆಸ್ ಹೇಳಿದ್ದೇ ಕಥೆ: ಇವರು ನಮ್ಮ ಆಳುಗಳು, ಕೊಲೆಗಾರರು. ಗಿಬ್ಸ್ ಬಂದು ಒಂದು ಬೆರಳು ಎತ್ತಿದರು. ಸೆರೆಯಾಳುಗಳು ತಮ್ಮ ಭಾಷೆಯಲ್ಲಿ ಏನೋ ಅಂದರು. ಗಿಬ್ಸ್ ಎರಡು ಬೆರಳು ಎತ್ತಿದರು. ಹೀಗೆ ಹತ್ತರವರೆಗೆ ಕಲಿತು, ಬರೆದುಕೊಂಡು, ನ್ಯೂಯಾರ್ಕಿಗೆ ಹೋದರು. ಅಲ್ಲಿನ ಹಡಗುಕಟ್ಟೆಗಳಲ್ಲಿ ಕಪ್ಪು ನಾವಿಕರು ಕಂಡಲ್ಲೆಲ್ಲ ಜೋರಾಗಿ ಒಂದರಿಂದ ಹತ್ತರವರೆಗೆ ಎಣಿಸುತ್ತಾ ಓಡಾಡಿದರು. ನಮ್ಮ ನಾಲ್ಕು ಆ ಭಾಷೆಯಲ್ಲಿ ನಾನಿ, ಐದು ಲೋಲು, ಹತ್ತು ಪೂ. ಕೊನೆಗೆ ಬ್ರಿಟಿಷ್ ಹಡಗೊಂದರ ನಾವಿಕ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಜೇಮ್ಸ್ ಕೋವಿ, ತಿರುಗಿ ನೋಡಿದ. ಅವನೂ ಚಿಕ್ಕವನಿದ್ದಾಗ ಮಾರಾಟವಾಗಿ, ಬ್ರಿಟಿಷ್ ನೌಕಾಪಡೆಯಿಂದ ಬಿಡುಗಡೆಯಾದವನೇ.

ಕೋವಿಯನ್ನು ಜೈಲಿಗೆ ಕರೆತಂದಾಗ ಒಳಗೆ ಅವರೆಲ್ಲ ಬೆಳಗಿನ ತಿಂಡಿಗೆ ಕೂತಿದ್ದರು. ಕಾವಲಿನವನು, ತಿಂಡಿ ಮುಗಿಯಲಿ, ಆಮೇಲೆ ಬಿಡುತ್ತೇನೆ ಅಂದ. ಅಷ್ಟರಲ್ಲಿ ಒಬ್ಬ ಸೆರೆಯಾಳು ಬಾಗಿಲ ಹತ್ತಿರ ಬಂದ. ಕೋವಿ ಅವನ ಭಾಷೆಯಲ್ಲಿ ಮಾತಾಡಿದ. ಅವನು ಕೋವಿಯನ್ನು ಹಿಡಿದು ಅಕ್ಷರಶಃ ಒಳಗೆ ಎಳೆದುಕೊಂಡೇ ಹೋದ. ಒಳಗೆ ಕೂಗೋ ಕೂಗು, ಎಲ್ಲರೂ ಒಟ್ಟಿಗೆ ಮಾತಾಡುವವರೇ. ಸರ್, ಮುಖ್ಯವಾದದ್ದೆಲ್ಲ ಆ ಬಾಗಿಲಲ್ಲೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಸುಪ್ರೀಂ ಕೋರ್ಟು, ಭಾಷಣ, ತೀರ್ಪು ಎಲ್ಲ ಆಮೇಲಿನದು. ಯಾಕೆಂದರೆ ಅವರ ಮಾತೇ ಅವರ ಸಾಕ್ಷಿಯಾಗಿತ್ತು. ಕ್ಯೂಬಾದಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು ಅನ್ನುವ ಕಾಗದ ಇಟ್ಟುಕೊಂಡು ಬಂದರೆ, ಒಬ್ಬರಿಗೂ ಸ್ಪ್ಯಾನಿಷ್ ಬಾರದು! ನಾಲ್ಕು ಮಕ್ಕಳಂತೂ 1820ಕ್ಕೆ ಹುಟ್ಟೇ ಇರಲಿಲ್ಲ. ಕೋವಿ ಬಂದ ಮೇಲೆ ಒಬ್ಬೊಬ್ಬರೂ ತಮ್ಮ ಊರು, ತಮ್ಮನ್ನು ಹಿಡಿದ ಬಗೆ ಹೇಳಿದರು. ಸೆಂಗ್ಬೆ ಭತ್ತ ಬೆಳೆಯುವ ರೈತ, ಹೆಂಡತಿ ಮತ್ತು ಮೂವರು ಮಕ್ಕಳ ಸಂಸಾರ. ದಾರಿಯಲ್ಲಿ ಹೋಗುತ್ತಿದ್ದಾಗ ನಾಲ್ಕು ಜನ ಅಡ್ಡಗಟ್ಟಿ, ಬಲಗೈಯನ್ನು ಕುತ್ತಿಗೆಗೆ ಕಟ್ಟಿ ಎಳೆದೊಯ್ದಿದ್ದರು.

1840ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಧೀಶರು, ಇವರು ಸ್ವತಂತ್ರರಾಗಿ ಹುಟ್ಟಿದವರು, ಕದ್ದು ತಂದವರು ಅಂತ ತೀರ್ಪು ಕೊಟ್ಟರು. ಅಧ್ಯಕ್ಷ ವ್ಯಾನ್ ಬ್ಯೂರನ್ ಸರ್ಕಾರ ಅಷ್ಟು ಹೊತ್ತಿಗೆ, ಮೇಲ್ಮನವಿಗೆ ಮೊದಲೇ ಇವರನ್ನು ಕ್ಯೂಬಾಕ್ಕೆ ಸಾಗಿಸಿಬಿಡೋಣ ಅಂತ ನ್ಯೂ ಹೇವನ್ ಬಂದರಿನಲ್ಲಿ ನೌಕಾಪಡೆಯ ಹಡಗೊಂದನ್ನು ತಯಾರಾಗಿ ನಿಲ್ಲಿಸಿತ್ತು. ತೀರ್ಪು ಬೇರೆಯಾದದ್ದಕ್ಕೆ ಅದು ಖಾಲಿ ಹೋಯಿತು. ಸರ್ಕಾರವೇ ಮೇಲಕ್ಕೆ ಹೋಯಿತು. 1841ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನಲ್ಲೂ ಸೋತಿತು.

ಪ್ರಶ್ನೆ: ನಮ್ಮತ್ತೆಗೆ ಇಂಗ್ಲಿಷ್ ಬರಲ್ಲ. ಸಿನಿಮಾದಲ್ಲಿ ಆಫ್ರಿಕನ್ನರು ಮಾತಾಡುವಾಗ ಕೆಲವು ಕಡೆ ಕೆಳಗೆ ಏನೂ ಬರೆದು ತೋರಿಸೋದೇ ಇಲ್ಲ. ನನಗೆ ಕಿರಿಕಿರಿ ಆಯಿತು. ಅತ್ತೆ ಮಾತ್ರ 'ಊರಿಗೆ ಕಳಿಸಿ ಅಂತಿದ್ದಾನೆ ಕಣೇ, ಅದಕ್ಕೆ ಇಂಗ್ಲಿಷ್ ಬೇಕಾ?' ಅಂದರು. ಹಾಗೆ ಬಿಟ್ಟಿದ್ದು ಬೇಕಂತಲೇನಾ? — ತುಮಕೂರಿನ ಓದುಗರು

ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳಿ. ಆ ನಟರು ಆಡುವುದು ಮೆಂಡೆ ಭಾಷೆಯನ್ನೇ. ಸಿಯೆರಾ ಲಿಯೋನ್ ದೇಶದಲ್ಲಿ ಇವತ್ತೂ ಲಕ್ಷಾಂತರ ಮನೆಗಳಲ್ಲಿ ಆಡುವ ಭಾಷೆ. ಸೆಂಗ್ಬೆ ಪಾತ್ರ ಮಾಡಿದ ಜೈಮನ್ ಹೊನ್ಸು ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಲ್ಲಿ ಹುಟ್ಟಿದವರು, ಅವರಿಗೂ ಮೆಂಡೆ ಮನೆಮಾತಲ್ಲ, ಈ ಸಿನಿಮಾಕ್ಕಾಗಿ ಕಲಿತರು. ಅರ್ಥ ಬರೆದು ತೋರಿಸದ ಜಾಗಗಳಲ್ಲಿ ನಾವು ಜೈಲಿನ ಕಂಬಿಯ ಈಚೆ ನಿಂತ ಜನರ ಹಾಗೇ ಆಗಿಬಿಡುತ್ತೇವೆ. ಅದರಿಂದ ಕೆಲಸವಾಗಿದೆ ಅನ್ನುವುದು ಒಂದು ಮಾತು. ಇನ್ನೊಂದು ಮಾತೂ ಇದೆ: ಅವರ ಮಾತು ನಮಗೆ ಗೊತ್ತಾಗದೇ ಇದ್ದಷ್ಟು ಹೊತ್ತು ಅವರು ಹೆದರಿಕೆ ಹುಟ್ಟಿಸುವ ಜನರ ಹಾಗೆ ಕಾಣುತ್ತಾರೆ, ವಿಶೇಷವಾಗಿ ಶುರುವಿನ ಕೊಲೆಯ ದೃಶ್ಯದಲ್ಲಿ. ಆ ರಾತ್ರಿ ಅವರಿಗೆ ಯಾಕೆ ಅಷ್ಟು ಭಯ ಇತ್ತು ಅನ್ನುವುದು ಮೊದಲೇ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆ ಇರುತ್ತಿತ್ತು. ಹಡಗಿನ ಅಡುಗೆಯವನು ಕೈಸನ್ನೆಯಲ್ಲಿ, ನಿಮ್ಮನ್ನು ಕಡಿದು ಬೇಯಿಸಿ ತಿನ್ನುತ್ತಾರೆ ಅಂತ ಹೆದರಿಸಿದ್ದ. ಅದನ್ನು ಅವರು ನಂಬಿದ್ದರು. ಭಾಷೆ ಗೊತ್ತಿಲ್ಲದ ಕಡೆ ಕೈಸನ್ನೆಯೇ ಸಾವಿನ ಸುದ್ದಿಯಾಗಿಬಿಡುತ್ತದೆ.

ಪ್ರಶ್ನೆ: ನಾನು ಬಿ.ಎ. ಓದುತ್ತಿದ್ದೇನೆ. ಸಿನಿಮಾದಲ್ಲೇ ತೋರಿಸುತ್ತಾರೆ, ಅವರನ್ನು ಹಿಡಿದು ಮಾರಿದ್ದು ಆಫ್ರಿಕನ್ನರೇ. ಹಾಗಿದ್ದ ಮೇಲೆ ಬಿಳಿಯರನ್ನು ಮಾತ್ರ ಬೈಯುವುದು ಯಾಕೆ? — ಶಿವಮೊಗ್ಗದಿಂದ

ಈ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಹೌದು, ಸೆಂಗ್ಬೆಯನ್ನು ದಾರಿಯಲ್ಲಿ ಹಿಡಿದವರು ಆಫ್ರಿಕನ್ನರೇ. ಸಾವಿರಾರು ಜನರನ್ನು ಕೂಡಿಹಾಕಿ ಹಡಗಿಗೆ ತುಂಬಿಸುತ್ತಿದ್ದ ಲೊಂಬೊಕೊ ಕೋಟೆ ಗ್ಯಾಲಿನಾಸ್ ಅನ್ನುವ ನದಿಯ ಬಾಯಲ್ಲಿತ್ತು. ಅಲ್ಲಿನ ರಾಜನಿಗೂ ಪೆದ್ರೋ ಬ್ಲಾಂಕೋ ಅನ್ನುವ ಸ್ಪ್ಯಾನಿಷ್ ವ್ಯಾಪಾರಿಗೂ ವ್ಯವಹಾರವಿತ್ತು. ಅದನ್ನು ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ. ಆದರೆ ಆ ಕಾಲದಲ್ಲಿ 'ನಾವೆಲ್ಲ ಆಫ್ರಿಕನ್ನರು' ಅಂತ ಅಂದುಕೊಂಡವರು ಅಲ್ಲಿ ಯಾರಿದ್ದರು ಹೇಳಿ. ವಾಯ್ ಜನ ಬೇರೆ, ಮೆಂಡೆ ಜನ ಬೇರೆ, ಅವರ ಜಗಳ ಬೇರೆ. ಹಿಡಿದವನು ತನ್ನವರನ್ನು ಮಾರುತ್ತಿದ್ದೇನೆ ಅಂದುಕೊಂಡಿರಲಿಲ್ಲ. ಅವನು ಮಾಡಿದ್ದು ಅದರಿಂದ ಸರಿಯಾಗುವುದಿಲ್ಲ. ಅವನದೂ ಪಾಪವೇ.

ಆದರೆ ಕೊಳ್ಳುವವನು ಇಲ್ಲದೆ ಮಾರುವವನು ಎಲ್ಲಿಂದ ಬರುತ್ತಾನೆ? 1501ರಿಂದ 1866ರವರೆಗೆ ಸುಮಾರು 1.25 ಕೋಟಿ ಜನರನ್ನು ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದರು. ಆಚೆ ದಡದಲ್ಲಿ ಇಳಿದವರು ಸುಮಾರು 1.07 ಕೋಟಿ. ನಡುವಿನ ಲೆಕ್ಕ ನೀವೇ ಮಾಡಿ. ಅಷ್ಟು ಜನರನ್ನು ಸಾಗಿಸಲು ಹಡಗು ಕಟ್ಟಿದವರು, ವಿಮೆ ಮಾಡಿದವರು, ಸಾಲ ಕೊಟ್ಟವರು, ಕಬ್ಬಿನ ಗದ್ದೆ ಇಟ್ಟುಕೊಂಡವರು, ಸಕ್ಕರೆ ಕೊಂಡು ತಿಂದವರು, ಇವರೆಲ್ಲ ಯೂರೋಪಿನವರು ಮತ್ತು ಅಮೆರಿಕಗಳಲ್ಲಿ ನೆಲೆಸಿದ ಅವರ ಕಡೆಯವರು. ನಾವು ಸಾಮಾನ್ಯವಾಗಿ ಅಮೆರಿಕದ ಹತ್ತಿ ಹೊಲವನ್ನೇ ನೆನೆಸಿಕೊಳ್ಳುತ್ತೇವೆ. ಈಗಿನ ಅಮೆರಿಕ ದೇಶದ ನೆಲಕ್ಕೆ ಆಫ್ರಿಕಾದಿಂದ ನೇರ ಬಂದವರು 4 ಲಕ್ಷದ ಆಸುಪಾಸು ಮಾತ್ರ. ಬ್ರೆಜಿಲ್ ಒಂದಕ್ಕೇ 48 ಲಕ್ಷದಷ್ಟು ಜನರನ್ನು ಒಯ್ದರು.

ಸಮುದ್ರಕ್ಕೆ ಎಸೆದ ದೃಶ್ಯ ನೋಡಿ 'ಇಷ್ಟು ಕ್ರೂರ ನಿಜವಾಗಲೂ ಇತ್ತಾ' ಅಂತ ಹಲವರು ಬರೆದಿದ್ದಾರೆ, ಅದಕ್ಕೂ ಇಲ್ಲೇ ಉತ್ತರ ಹೇಳುತ್ತೇನೆ. ಇತ್ತು. 1781ರಲ್ಲಿ ಜಾಂಗ್ ಅನ್ನುವ ಹಡಗಿನವರು ಕುಡಿಯುವ ನೀರು ಸಾಲದು ಅನ್ನುವ ನೆಪ ಹೇಳಿ 130ಕ್ಕೂ ಜಾಸ್ತಿ ಜನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ಆ ಹಡಗಿನ ಮಾಲೀಕರು ಆಮೇಲೆ ತಲೆಗೆ 30 ಪೌಂಡಿನಂತೆ ವಿಮೆ ಹಣ ಕೇಳಿದರು. 1783ರಲ್ಲಿ ಅದು ಲಂಡನ್ನಿನ ಕೋರ್ಟಿಗೆ ಬಂತು. ವಿಮೆ ಕೊಡಬೇಕೋ ಬೇಡವೋ ಅನ್ನುವುದೇ ಅಲ್ಲಿನ ಪ್ರಶ್ನೆ. ಕೊಲೆಯ ಮೊಕದ್ದಮೆ ಯಾರ ಮೇಲೂ ನಡೆಯಲಿಲ್ಲ. ಕುದುರೆಗಳನ್ನು ಎಸೆದ ಹಾಗೇ ಇದು ಅಂತ ಮುಖ್ಯ ನ್ಯಾಯಾಧೀಶರು ಹೇಳಿದ್ದು ದಾಖಲಾಗಿದೆ.

ಇನ್ನೊಂದು ಮಾತು ನಿಮ್ಮಂಥ ಓದುವ ಹುಡುಗರಿಗಾಗಿ. ಆ ವ್ಯಾಪಾರದಲ್ಲಿ ಜನರಿಗೆ ಕೊಟ್ಟ ಬೆಲೆ ಯಾವುದು ಗೊತ್ತಾ? ಬಂದೂಕು, ಹೆಂಡ, ಕಬ್ಬಿಣದ ಪಟ್ಟಿಗಳ ಜೊತೆಗೆ ಭಾರತದ ಹತ್ತಿ ಬಟ್ಟೆ ಮತ್ತು ಕವಡೆ. ಮಾಲ್ಡೀವ್ಸ್ ಸಮುದ್ರದ ಕವಡೆಯನ್ನು ಯೂರೋಪಿನ ಹಡಗುಗಳು ಟನ್‌ಗಟ್ಟಲೆ ತುಂಬಿಕೊಂಡು ಹೋಗಿ ಪಶ್ಚಿಮ ಆಫ್ರಿಕಾದಲ್ಲಿ ಹಣವಾಗಿ ಚಲಾಯಿಸಿದವು. ನಮ್ಮಲ್ಲಿ ಕವಡೆ ಕಾಸಿನ ಬೆಲೆಯಿಲ್ಲ ಅಂತ ಸುಲಭವಾಗಿ ಅಂದುಬಿಡುತ್ತೇವೆ. ಅದೇ ಕವಡೆ ಎಣಿಸಿ ಅಲ್ಲಿ ಮನುಷ್ಯರನ್ನು ಕೊಂಡರು. ನಮ್ಮ ಮಗ್ಗಗಳಲ್ಲಿ ನೇಯ್ದ ಬಟ್ಟೆ ಕೊಟ್ಟು ಕೊಂಡರು. ನೇಯ್ದವರಿಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ತಿಳಿದಿರಲಿಲ್ಲ.

ಪ್ರಶ್ನೆ: ನಾನು ಸಿದ್ದಿ. ಹಳಿಯಾಳ ತಾಲ್ಲೂಕಿನವನು, ಹುಬ್ಬಳ್ಳಿಯಲ್ಲಿ ಕೆಲಸ. ಬಸ್ಸಿನಲ್ಲಿ ಕಂಡಕ್ಟರೂ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಯಾವ ದೇಶ ಅಂತ ಕೇಳುತ್ತಾರೆ. ಅಮಿಸ್ಟಾಡ್ ನೋಡಿ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಹಿರಿಯರೂ ಇಂಥ ಹಡಗಿನಲ್ಲೇ ಬಂದರಾ? — ಉತ್ತರ ಕನ್ನಡದ ಓದುಗರು

ಅಣ್ಣ, ನಿಮ್ಮ ಪತ್ರವನ್ನು ನಾನು ಎರಡು ಮೂರು ಸಲ ಓದಿದೆ. ಇದೇ ದಾರಿಯಲ್ಲಿ ಬಂದವರಲ್ಲ, ಆದರೆ ಹಡಗಿನಲ್ಲೇ ಬಂದವರು. ಅಮಿಸ್ಟಾಡಿನವರು ಆಫ್ರಿಕಾದ ಪಶ್ಚಿಮ ದಂಡೆಯವರು, ಅವರನ್ನು ಅಟ್ಲಾಂಟಿಕ್ ದಾಟಿಸಿದರು. ನಿಮ್ಮ ಹಿರಿಯರಲ್ಲಿ ಹೆಚ್ಚಿನವರು ಪೂರ್ವ ದಂಡೆಯವರು, ಈಗಿನ ಮೊಜಾಂಬಿಕ್ ಕಡೆಯವರು. ಅವರನ್ನು ಪೋರ್ಚುಗೀಸರು ಗೋವಾಕ್ಕೆ ತಂದರು. ಹಿಂದೂ ಮಹಾಸಾಗರದ ಈ ವ್ಯಾಪಾರ ಅಟ್ಲಾಂಟಿಕ್‌ನದಕ್ಕಿಂತ ಎಷ್ಟೋ ಹಳೆಯದು, ಅರಬ್ ವ್ಯಾಪಾರಿಗಳೂ ಮಾಡಿದ್ದರು. ಗೋವಾದ ಯಜಮಾನರಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಡೆ ನೆಲೆ ನಿಂತರು. ಮನೆಯಲ್ಲಿ ಕೊಂಕಣಿ, ಮರಾಠಿ, ಕನ್ನಡ ಎಲ್ಲ ಸೇರಿದ ಮಾತು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಇದ್ದೀರಿ, ಆದರೂ ಸಿದ್ದಿ ಅನ್ನುವುದು ಒಂದೇ. ಬಸ್ಸಿನಲ್ಲಿ ಕೇಳುವವರಿಗೆ ಇದನ್ನೆಲ್ಲ ವಿವರಿಸುವ ಕೆಲಸ ನಿಮ್ಮದಲ್ಲ, ತಿಳಿದುಕೊಳ್ಳುವ ಕೆಲಸ ಅವರದು.

ಇನ್ನೊಂದು ಮಗ್ಗುಲೂ ನಿಮಗೆ ಗೊತ್ತಿರಲಿ. ಆಫ್ರಿಕಾದಿಂದ ಬಂದ ಹಬಶಿಗಳು ದಖನ್ನಿನಲ್ಲಿ ಸೇನಾಪತಿಗಳಾದರು, ಮಂತ್ರಿಗಳಾದರು. ಹುಡುಗನಿದ್ದಾಗ ಇಥಿಯೋಪಿಯಾದಿಂದ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರವನ್ನು ಆಳಿ ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದವನು, ಸತ್ತದ್ದು 1626ರಲ್ಲಿ. ನಮ್ಮ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಅನ್ನುವ ಹಬಶಿ ಬಹಳ ದೊಡ್ಡ ಅಧಿಕಾರದಲ್ಲಿದ್ದ, ಆ ಕಾಲದ ಚಿತ್ರಗಳಲ್ಲಿ ಸುಲ್ತಾನನ ಜೊತೆಗೇ ಕಾಣುತ್ತಾನೆ. ಆದರೆ ಗೋವಾದ ಅಡುಗೆಮನೆಯಲ್ಲಿ, ಹೊಲದಲ್ಲಿ ದುಡಿದವರ ಚಿತ್ರ ಯಾರೂ ಬರೆಸಲಿಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಒಳಗೆ ಕೂತದ್ದು 2020ರಲ್ಲಿ. ಎಷ್ಟು ತಡವಾಯಿತು ನೋಡಿ.

ನಿಮ್ಮ ಮನೆಯ ಹಿರಿಯ ಹೆಂಗಸರು ಹಳೆ ಸೀರೆ, ಹರಿದ ಅಂಗಿ ತುಂಡು ಸೇರಿಸಿ ಹೊಲಿಯುವ ಕೌದಿ ಇದೆಯಲ್ಲ, ಅದನ್ನು ಹೊಲಿಯುತ್ತಾ ಅವರು ಹೇಳುವ ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈ ವಾರವೇ ಮಾಡಿ. ನಿಮ್ಮ ಭಾಷೆ ಗೊತ್ತಿರುವವರು ನಿಮ್ಮ ಮನೆಯಲ್ಲೇ ಇದ್ದಾರೆ, ಹಡಗುಕಟ್ಟೆಗೆ ಹೋಗಿ ಹುಡುಕಬೇಕಾಗಿಲ್ಲ.

ಪ್ರಶ್ನೆ: ಕೋರ್ಟಿನ ಭಾಗ ಬಹಳ ಉದ್ದ. ಓಡಿಸಬಹುದಾ? — ಬೆಂಗಳೂರು

ಮಧ್ಯದ ವಾದಗಳನ್ನು ಓಡಿಸಿ, ಪರವಾಗಿಲ್ಲ. ಸೆಂಗ್ಬೆ ಕೋರ್ಟಿನಲ್ಲಿ ಎದ್ದು ನಿಂತು ತನಗೆ ಬಂದ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಬಿಡುಗಡೆ ಕೊಡಿ ಅಂತ ಕೂಗುವ ಜಾಗ ಮಾತ್ರ ಬಿಡಬೇಡಿ.

ಪ್ರಶ್ನೆ: ಕೊನೆಗೆ ಗೆದ್ದರಲ್ಲ, ಅಲ್ಲಿಂದ ಅಮೆರಿಕದಲ್ಲಿ ಗುಲಾಮಗಿರಿ ನಿಂತು ಹೋಯಿತಾ? ಊರಿಗೆ ಹೋದವರು ಏನಾದರು? — ಮಂಗಳೂರಿನ ಓದುಗರು

ನಿಲ್ಲಲಿಲ್ಲ. ಸಿನಿಮಾ ಮುಗಿಯುವಾಗ ಬರುವ ಸಂತೋಷದಲ್ಲಿ ಇದು ಮರೆತುಹೋಗುತ್ತದೆ. ಇವರು ಕಾನೂನುಬದ್ಧ ಗುಲಾಮರಲ್ಲ, ಸ್ವತಂತ್ರರನ್ನು ಕದ್ದು ತಂದದ್ದು, ಹಾಗಾಗಿ ಬಿಡಿ ಅಂತ ಕೋರ್ಟು ಹೇಳಿತು. ಗುಲಾಮಗಿರಿಯೇ ತಪ್ಪು ಅಂತ ಹೇಳಲಿಲ್ಲ. ಇದರ ಅರ್ಥ ಏನು ಅಂತ ನೋಡಬೇಕಾದರೆ ಅದೇ ಹಡಗಿನಲ್ಲಿದ್ದ ಇನ್ನೊಬ್ಬ ಹುಡುಗನನ್ನು ನೋಡಬೇಕು. ಅವನು ಅಂಟೋನಿಯೋ, ಸತ್ತ ಕ್ಯಾಪ್ಟನ್ನನ ಆಳು. ಅವನನ್ನು ಕೋರ್ಟು ಕಾನೂನಿನ ಪ್ರಕಾರ ಗುಲಾಮ ಅಂತಲೇ ಎಣಿಸಿ, ಕ್ಯಾಪ್ಟನ್ನನ ವಾರಸುದಾರರಿಗೆ ಕಳಿಸಿ ಅಂತ ಆದೇಶ ಮಾಡಿತು. ಒಂದೇ ಹಡಗು, ಒಂದೇ ಕೋರ್ಟು! ಗುಲಾಮಗಿರಿ ವಿರೋಧಿಗಳು ಅವನನ್ನು ಗುಟ್ಟಾಗಿ ಊರಿಂದೂರಿಗೆ ದಾಟಿಸಿ ಕೆನಡಾದ ಮಾಂಟ್ರಿಯಲ್ ಸೇರಿಸಿದರು. ಆ ಹುಡುಗನನ್ನು ಉಳಿಸಿದ್ದು ಕಾನೂನು ಮುರಿದ ಜನ. ಅಮೆರಿಕದಲ್ಲಿ ಗುಲಾಮಗಿರಿ ಮುಗಿಯಲು ಅಂತರ್ಯುದ್ಧ ಆಗಿ 1865 ಬರಬೇಕಾಯಿತು. ಕ್ಯೂಬಾದಲ್ಲಿ 1886. ಬ್ರಿಟನ್ ತನ್ನ ವಸಾಹತುಗಳಲ್ಲಿ ನಿಲ್ಲಿಸುವ ಕಾನೂನನ್ನು 1833ರಲ್ಲೇ ತಂದಿತ್ತು. ಆದರೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟದ್ದು ಗುಲಾಮರನ್ನು ಇಟ್ಟುಕೊಂಡಿದ್ದ ಮಾಲೀಕರಿಗೆ. ದುಡಿದವರಿಗೆ ಒಂದು ಪೌಂಡೂ ಇಲ್ಲ.

ಗೆದ್ದ ಮೇಲೂ ಅವರನ್ನು ಊರಿಗೆ ಕಳಿಸಲು ಸರ್ಕಾರ ಹಣ ಕೊಡಲಿಲ್ಲ. ಫಾರ್ಮಿಂಗ್ಟನ್ ಅನ್ನುವ ಊರಿನಲ್ಲಿ ತಿಂಗಳುಗಟ್ಟಲೆ ಇದ್ದು, ಸಭೆಗಳಲ್ಲಿ ಹಾಡಿ, ತಮ್ಮ ಕಥೆ ಹೇಳಿ, ಹಡಗಿನ ಖರ್ಚಿಗೆ ಚಂದಾ ಎತ್ತಿದರು. ಅಲ್ಲಿದ್ದಾಗ ಫೂನ್ ಅನ್ನುವವನು ಕಾಲುವೆಯ ನೀರಿನಲ್ಲಿ ಸತ್ತ. ಅವನಿಗೆ ಊರಿನ ಹಂಬಲ ತಡೆಯಲಾಗುತ್ತಿರಲಿಲ್ಲ. ಅವನ ಸಮಾಧಿ ಇವತ್ತೂ ಆ ಊರಿನಲ್ಲಿದೆ. 1841ರ ನವೆಂಬರಿನಲ್ಲಿ ಹಡಗು ಹತ್ತಿದವರು 35 ಮಂದಿ, 53ರಲ್ಲಿ ಉಳಿದವರು ಅಷ್ಟೇ. ಜನವರಿಯಲ್ಲಿ ಸಿಯೆರಾ ಲಿಯೋನಿನ ಫ್ರೀಟೌನ್ ತಲುಪಿದರು. ಸೆಂಗ್ಬೆ ಹೋಗುವ ಹೊತ್ತಿಗೆ ಅವನ ಕಡೆ ಯುದ್ಧ ನಡೆದಿತ್ತು, ಹೆಂಡತಿ ಮಕ್ಕಳು ಸಿಗಲಿಲ್ಲ. ಎಷ್ಟೋ ಕಾಲದ ಮೇಲೆ ಆ ದೇಶದ 5000 ಲಿಯೋನ್ ನೋಟಿನ ಮೇಲೆ ಅವನ ಮುಖ ಬಂತು.

ಮಾರ್ಗ್ರು ಅಮೆರಿಕಕ್ಕೆ ಮತ್ತೆ ಬಂದಳು, ಈ ಸಲ ಟಿಕೆಟ್ ತೆಗೆದುಕೊಂಡ ಪ್ರಯಾಣಿಕಳಾಗಿ. 1846ರಲ್ಲಿ ಓಬರ್ಲಿನ್ ಅನ್ನುವ ಊರಿನಲ್ಲಿ ಓದಲು ಸೇರಿ, 1849ರಲ್ಲಿ ವಾಪಸ್ ಹೋಗಿ, ಸಿಯೆರಾ ಲಿಯೋನಿನ ಮಿಷನ್ ಶಾಲೆಯಲ್ಲಿ ಹುಡುಗಿಯರಿಗೆ ಟೀಚರಾದಳು. ಧಾರವಾಡದ ತಾಯಿಯವರೇ, ಇದನ್ನೂ ಮಗಳಿಗೆ ಹೇಳಿ.